ಉಡುಸಲಮ್ಮನ ಮೇಲೆ ಕಟ್ಟಿದ ಪದ

ಲೇಪಾಕ್ಷಿಯಿಂದ ಹಿಂದೂಪುರಕ್ಕೆ ಹೋಗುವ ಬಸ್ಸಿಗೆ ಉಡುಸಲಮ್ಮ ಹತ್ತಿದಳೆಂದರೆ ಒಳಗಿದ್ದ ಒಬ್ಬಿಬ್ಬರಾದರೂ ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಅವಳು ಜಗಳಗಂಟಿಯಲ್ಲ, ಯಾರ ಜುಟ್ಟನ್ನೂ ಹಿಡಿದವಳಲ್ಲ, ಕಂಡಕ್ಟರನ ಹತ್ತಿರ ಚಿಲ್ಲರೆಗೂ ಗಲಾಟೆ ಮಾಡಿದವಳಲ್ಲ. ಅವಳಿಗೆ ಇದ್ದದ್ದು ಒಂದು ಬಾಯಿ. ಆ ಬಾಯಿಯಲ್ಲಿ ಪದ ಹುಟ್ಟುತ್ತಿತ್ತು.

ಮದುವೆ ಮನೆಗಳಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನೂ ಹಾಡಿನಲ್ಲೇ ಗೇಲಿ ಮಾಡುವುದು ಆ ಸೀಮೆಯ ಪದ್ಧತಿ. ಬೀಗರ ಪದ ಎನ್ನುತ್ತಾರೆ. ಬೀಗನ ಹೊಟ್ಟೆ, ಬೀಗಿತಿಯ ಸೊಂಟ, ಮದುಮಗನ ಮೂಗು, ಯಾವುದಕ್ಕೂ ಅಲ್ಲಿ ರಿಯಾಯಿತಿ ಇಲ್ಲ. ಏನು ಅಂದರೂ ಯಾರೂ ಸಿಟ್ಟಾಗುವಂತಿಲ್ಲ. ಸಿಟ್ಟಾದವರು ಸೋತಂತೆಯೇ ಲೆಕ್ಕ. ಈ ವಿದ್ಯೆಯಲ್ಲಿ ಉಡುಸಲಮ್ಮನಿಗೆ ಸಮ ಯಾರೂ ಇರಲಿಲ್ಲ. ಅವಳು ಹಾಡಿದ ಪದ ಮದುವೆ ಊಟದ ಎಲೆ ಎತ್ತಿದ ಮೇಲೂ ಊರಲ್ಲಿ ಉಳಿದುಬಿಡುತ್ತಿತ್ತು, ಕಡಲೆಕಾಯಿ ಕೀಳುವ ಹೆಂಗಸರ ಬಾಯಲ್ಲಿ ವರ್ಷಗಟ್ಟಲೆ ತಿರುಗುತ್ತಿತ್ತು.

ಊರ ಹಿಂದಿನ ಬೋಡಗುಟ್ಟೆಯನ್ನು ಕಾಯುತ್ತಿದ್ದದ್ದು ಈ ಬಾಯಿಯೇ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಊರಿನವರೂ ಮೊದಲು ನಕ್ಕಿದ್ದರು.

ಬೋಡಗುಟ್ಟೆ ಎಂದರೆ ಬೋಳುತಲೆಯ ಗುಡ್ಡ. ಉಡುಸಲಮ್ಮ ಸೊಸೆಯಾಗಿ ಬಂದಾಗ ಹೆಸರಿಗೆ ತಕ್ಕಂತೆ ಅಲ್ಲಿ ಬಂಡೆ ಬಿಟ್ಟರೆ ಬಂಡೆ. ಮೊಳಕೆ ತಲೆ ಎತ್ತಿದರೆ ಮೇಕೆ, ಮೇಕೆ ಬಿಟ್ಟದ್ದಕ್ಕೆ ಕೊಡಲಿ. ಅವಳೂ ಸೌದೆ ಹೊತ್ತವಳೇ. ಒಂದು ಬೇಸಿಗೆಯಲ್ಲಿ ತಲೆಯ ಮೇಲಿನ ಹೊರೆ ಇಳಿಸಿ ಸುಧಾರಿಸಿಕೊಳ್ಳೋಣವೆಂದು ನೆರಳು ಹುಡುಕಿದಳು. ಇಡೀ ಗುಟ್ಟೆಯಲ್ಲಿ ಇದ್ದ ಒಂದೇ ನೆರಳು ಅವಳ ತಲೆಯ ಮೇಲಿನ ಹೊರೆಯದು. ಅವಳಿಗೆ ನಗು ಬಂತು, ನಗುತ್ತಲೇ ತಲೆಸುತ್ತಿ ಬಿದ್ದಳು. ಎದ್ದ ಮೇಲೆ ಗಂಡ ಲಕ್ಷ್ಮಣಪ್ಪನಿಗೆ, "ಇನ್ ಮ್ಯಾಲೆ ಆ ಗುಟ್ಟೆ ಮ್ಯಾಕೆ ಯಾರೂ ಕೊಡ್ಲಿ ತಕ್ಕಂಡ್ ಹೋಗಂಗಿಲ್ಲ," ಎಂದಳು. ಲಕ್ಷ್ಮಣಪ್ಪ ಸಾಧು ಮನುಷ್ಯ. "ಸರಿ ಬಿಡು, ನಾನ್ ಹೋಗಲ್ಲ," ಎಂದು ಬೀಡಿ ಹಚ್ಚಿದ. ಅವಳ ಮೊದಲ ಗೆಲುವು ಅದು.

ಎರಡನೆಯ ಗೆಲುವಿಗೆ ಚೌಡಣ್ಣ ಬೇಕಾದ. ಚೌಡಣ್ಣನಿಗೆ ಊರಲ್ಲೇ ಚೂಪು ಕೊಡಲಿ, ಊರಲ್ಲೇ ದೊಡ್ಡ ಮೀಸೆ. ಆಗಷ್ಟೇ ಆಳೆತ್ತರ ಬಂದಿದ್ದ ಒಂದು ಕಗ್ಗಲಿ ಮರವನ್ನು ಕಡಿದು ದನದ ಕೊಟ್ಟಿಗೆಗೆ ಕಂಬ ಮಾಡಿಕೊಂಡಿದ್ದ. ಫಾರೆಸ್ಟಿನವರು ಬಂದು ಗದರಿದರು, ಹೋದರು. ಅವನು ಮೀಸೆ ತಿರುವಿದ. ಅದಾದ ಸ್ವಲ್ಪ ದಿನಕ್ಕೆ ಅವನ ತಂಗಿಯ ಮದುವೆ. ಬೀಗರನ್ನು ಗೇಲಿ ಮಾಡಲೆಂದು ಕರೆಸಿದ್ದ ಉಡುಸಲಮ್ಮ, ತುಂಬಿದ ಚಪ್ಪರದಲ್ಲಿ ಬೀಗರನ್ನು ಬಿಟ್ಟು ಕರೆಸಿದವನ ಕಡೆಗೇ ತಿರುಗಿದಳು.

"ಚೌಡಣ್ಣ ಬಂದವ್ನೆ ಚೆಂದುಳ್ಳಿ ಮೀಸೇಲಿ
ಪಂಚೇಲಿ ಕೊಡ್ಲಿ ಮುಚ್ಚವ್ನೆ
ಮರವೆಲ್ಲ ಕಡಿದ್ಬುಟ್ಟು ಮಟಮಟ ಮದ್ಯಾನ
ನೆಳ್ಳೆಲ್ಲಿ ಅಂತ ಕೇಳ್ತವ್ನೆ!"

ಬೀಗರು ಬಿದ್ದು ಬಿದ್ದು ನಕ್ಕರು. ಅವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಏನು ಬೇಕು? ಚೌಡಣ್ಣ ಸಿಟ್ಟಾಗುವಂತಿಲ್ಲ, ಎದ್ದು ಹೋಗುವಂತಿಲ್ಲ. ಮಾರನೆಯ ದಿನದಿಂದ ಅವನು ಹಾದಿಯಲ್ಲಿ ಕಂಡರೆ ಹೆಂಗಸರು, "ನೆಳ್ಳು ಸಿಕ್ತೇನಣ್ಣಾ?" ಎಂದು ಕೇಳತೊಡಗಿದರು. ಒಂದು ವಾರ ತಡೆದ. ಆಮೇಲೆ ಬಂದು ಉಡುಸಲಮ್ಮನ ಜಗಲಿಯ ಮೇಲೆ ಕೂತ.

"ಆ ಪದ ಬಿಟ್ಬುಡಕ್ಕಾ, ನಿನ್ ದಮ್ಮಯ್ಯ."

"ಬಿಡ್ತೀನಿ ಕಣಣ್ಣ. ಕಡ್ದಿದ್ಯಲ್ಲ ಬುಡ, ಅದ್ಕೆ ಸುತ್ತಾ ಮುಳ್ ಕಟ್ಟು. ಮೇಕೆ ಬಾಯಿಗೆ ಸಿಗ್ದಂಗೆ ಕಟ್ಬೇಕು. ಕಟ್ಟಿದ್ ದಿನ ಪದ ಬಿಡ್ತೀನಿ."

ಅವನು ಮುಳ್ಳು ಕಟ್ಟಿದ. ಅವಳು ಪದ ಬಿಟ್ಟಳು. ಹಾಗೆ ಊರಿಗೊಂದು ಕಾನೂನು ಬಂತು. ಕಡಿದವನ ಮೇಲೆ ಪದ, ಬೇಲಿ ಕಟ್ಟಿದರೆ ಬಿಡುಗಡೆ. ಬುಡದಲ್ಲಿ ಜೀವ ಇದ್ದ ಮರಗಳೆಲ್ಲ ಕಾವಲು ಸಿಕ್ಕಿದ್ದೇ ತಾವಾಗಿ ಚಿಗುರಿದವು. ಕಾರೆ, ಎಲಚಿ, ಬಂದರಿಕೆ, ಸೀತಾಫಲದ ಗಿಡಗಳು ಯಾರೂ ನೆಡದೆ ಎದ್ದವು. ಗುಟ್ಟೆಯ ಕೊರಕಲಿನಲ್ಲಿ ಒಂದು ಅತ್ತಿ ಮರ ಎದ್ದಿತು. ಬೋಡಗುಟ್ಟೆಗೆ ತಲೆತುಂಬ ಕೂದಲು ಬಂದರೂ ಹಳೆಯ ಹೆಸರೇ ಉಳಿಯಿತು.

ಒಂದು ಸಲ ಬೆಂಗಳೂರಿನ ಯಾವುದೋ ಕಂಪನಿಯವರು ಗಿಡ ನೆಡುತ್ತೇವೆಂದು ಟೋಪಿ ಹಾಕಿಕೊಂಡು ಬಂದರು. ಸಸಿಗಳನ್ನು ಸಾಲಾಗಿ ನೆಡಲು ಕಾರೆ ಪೊದೆಗಳು ಅಡ್ಡ ಬಂದವೆಂದು ಜೆಸಿಬಿಯನ್ನೂ ತಂದಿದ್ದರು. ಮೈಕಿನಲ್ಲಿ ಒಬ್ಬರು ಹವಾಮಾನ ಬದಲಾಗಿದೆ, ಭೂಮಿ ಬಿಸಿಯಾಗಿದೆ ಎಂದು ವಿವರಿಸಿದರು. "ಬಿಸ್ಲು ಜಾಸ್ತಿ ಆಗೈತೆ ಅಂತ ಹೇಳಾಕೆ ಏಸಿ ಕಾರಲ್ ಬಂದ್ಯೇನಪ್ಪಾ?" ಎಂದು ಉಡುಸಲಮ್ಮ ಹಿಂದಿನಿಂದ ಕೂಗಿದಳು. ಆಮೇಲೆ ಹೆಂಗಸರನ್ನು ಸೇರಿಸಿಕೊಂಡು, ಗಿಡ ನೆಡಲು ಗಿಡ ಕಿತ್ತವನ ಮೇಲೆ ಅಲ್ಲೇ ಒಂದು ಪದ ಕಟ್ಟಿದಳು. ಅದು ಯಾರದೋ ಫೋನಿನಲ್ಲಿ ಸೇರಿ ಹಿಂದೂಪುರದ ತನಕ ಹೋಯಿತು. ಜೆಸಿಬಿ ಇಳಿದು ಹೋಯಿತು, ಸಸಿಗಳನ್ನು ರಸ್ತೆ ಪಕ್ಕ ನೆಟ್ಟರು. ಗಲಾಟೆಯಲ್ಲಿ ಉಡುಸಲಮ್ಮ ಒಂದಷ್ಟು ಸಸಿಗಳನ್ನು ಸೆರಗಿನಡಿ ಮನೆಗೆ ಸಾಗಿಸಿದ್ದಳು. ಅವಳು ನೆಟ್ಟದ್ದು ಒಂದೂ ಬದುಕಲಿಲ್ಲ. ಈ ಸಂಗತಿಯನ್ನು ಅವಳು ಯಾವ ಪದದಲ್ಲೂ ಸೇರಿಸಲಿಲ್ಲ.

ಇಂಥ ತಾಯಿಯ ಹೊಟ್ಟೆಯಲ್ಲಿ ಕೃಷ್ಣವೇಣಿ ಹುಟ್ಟಿದ್ದು ಹೇಗೆಂದು ಊರಿಗೆಲ್ಲ ಆಶ್ಚರ್ಯ. ಹುಡುಗಿ ಹಿಂದೂಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಅಮ್ಮ ಪದ ಕಟ್ಟುವಾಗ ಮೂಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹಾಡು ಎಂದರೆ ತಲೆ ಅಲ್ಲಾಡಿಸುತ್ತಿದ್ದಳು. "ಎಲ್ಲಾ ನಿಮ್ ಕಡೇದೇ," ಎಂದು ಉಡುಸಲಮ್ಮ ಗಂಡನನ್ನು ಬಯ್ಯುತ್ತಿದ್ದಳು. ಮಗಳಿಗೆ ತನ್ನದೇನೂ ಬರಲಿಲ್ಲವಲ್ಲ ಎಂಬ ಕೊರಗು ಅವಳಿಗೆ ನಿಜವಾಗಿ ಇತ್ತು.

ಆ ಮಗಳಿಗೆ ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯಿಂದ ಸಂಬಂಧ ಬಂತು. ಹುಡುಗ ಮುರಳಿಕೃಷ್ಣ ಟ್ರ್ಯಾಕ್ಟರ್ ಮೆಕಾನಿಕ್. ಹುಡುಗನ ತಾಯಿ ಮುನಿಯಕ್ಕ ಆ ಸೀಮೆಯ ಹೆಸರಾಂತ ಬೀಗರ ಪದದವಳು, ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ಸಮ ಮಾನ ಕಳೆಯಬಲ್ಲವಳು. ಹಿಂದೂಪುರದ ಸಂತೆಯಲ್ಲಿ ಜನ ಇದೇ ಮಾತಾಡಿದರು. ಮದುವೆಗೆ ಹೋಗುವುದು ಊಟಕ್ಕಲ್ಲ, ಇಬ್ಬರ ಬಾಯಿ ನೋಡಲಿಕ್ಕೆ.

ಮದುವೆಗೆ ಮುಂಚೆ ಚಪ್ಪರಕ್ಕೆ ಹಾಲುಗಂಬ ನೆಡಬೇಕು. ಹಾಲು ಒಸರುವ ಮರದ ಹಸಿ ಕೊಂಬೆಯನ್ನು ಹುಡುಗಿಯ ಸೋದರಮಾವ ತಂದು, ಅರಿಶಿನ ಕುಂಕುಮ ಹಚ್ಚಿ, ಮುಹೂರ್ತಕ್ಕೆ ನಿಲ್ಲಿಸುವುದು. ಹಿಂದೆಲ್ಲ ಅದು ಗುಟ್ಟೆಯಿಂದಲೇ ಬರುತ್ತಿತ್ತು. ಅದನ್ನೂ ಉಡುಸಲಮ್ಮನೇ ನಿಲ್ಲಿಸಿದ್ದಳು. ಯಾರ ಮನೆಯ ಮದುವೆಯಾದರೂ ಸರಿ, ಕೆರೆ ಏರಿಯ ಆಲದಿಂದ ತನ್ನಿ, ಗುಟ್ಟೆಯ ಎಲೆ ಮುಟ್ಟಬೇಡಿ. ಎಷ್ಟು ಮದುವೆಗಳಲ್ಲಿ ಎಷ್ಟು ಸೋದರಮಾವಂದಿರು ಇದಕ್ಕಾಗಿ ಅವಳ ಪದ ತಿಂದಿದ್ದರು!

ಅವಳ ತಮ್ಮ ಜಯಣ್ಣ ಹಿಂದೂಪುರದ ಹುಣಸೆ ಮಂಡಿಯಲ್ಲಿ ಹಮಾಲಿ. ಹಾಲುಗಂಬ ನೆಡುವ ದಿನ ಬೆಳಿಗ್ಗೆ ಅವನು ಬಂದದ್ದು ಒಂದು ಕಬ್ಬಿಣದ ಪೈಪು ಹೊತ್ತುಕೊಂಡು.

"ಇದೇನ್ಲಾ ಇದು?"

"ಶಾಮಿಯಾನದೋರ್ ಪೈಪ್ ಕಣಕ್ಕಾ. ಕೆರೆ ಏರಿ ಆಲದ್ ಮರ ನೋಡ್ಕಂಡ್ ಬಂದೆ. ಕರೆಂಟ್ ತಂತಿಗೆ ತಗಲ್ತೈತೆ ಅಂತ ಕೊಂಬೆನೆಲ್ಲಾ ಸವರಿ ಬೋಡ್ಸವ್ರೆ. ಈಗೆಲ್ಲಾ ಪೈಪೇ ನಡೀತದೆ."

"ಪೈಪಲ್ ಹಾಲ್ ಬತ್ತದೇನ್ಲಾ? ನನ್ ಮಗಳ್ ಮದ್ವೆಗೆ ಪೈಪ್ ನೆಡ್ತೀನಾ?"

ಮುಹೂರ್ತ ಹತ್ತಿರ ಬರುತ್ತಿತ್ತು. ಉಡುಸಲಮ್ಮ ಒಳಗೆ ಹೋದಳು, ಮಚ್ಚನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಹಿತ್ತಲ ಬಾಗಿಲಿನಿಂದ ಗುಟ್ಟೆ ಹತ್ತಿದಳು. ಕೊರಕಲಿನ ಅತ್ತಿಯ ಮುಂದೆ ನಿಂತು, "ನೀನೂ ನನ್ ಮಗಳಿದ್ದಂಗೇ ಕಣಮ್ಮ, ಅಕ್ಕನ ಮದ್ವೆಗೆ ಒಂದ್ ಕೈ ಕೊಡು," ಎಂದು ಚೆನ್ನಾಗಿಯೇ ಮಾತಾಡಿದಳು. ಒಂದೇ ಏಟು. ಕೊಂಬೆ ಹೆಗಲಿಗೇರಿಸಿಕೊಂಡು ತಿರುಗಿದರೆ ಎದುರಿಗೆ ಮೇಕೆ ಹಿಡಿಯಲು ಬಂದಿದ್ದ ಚೌಡಣ್ಣ ನಿಂತಿದ್ದ.

ಅವನು ಮೀಸೆಯ ಎರಡೂ ತುದಿಗಳನ್ನು ನಿಧಾನವಾಗಿ ತಿರುವಿ ದಾರಿ ಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಟೀ ಅಂಗಡಿಯಲ್ಲಿ ಸಭೆ ಸೇರಿತ್ತು. ಚೌಡಣ್ಣ ಕಲ್ಯಾಣದುರ್ಗಕ್ಕೆ ಫೋನ್ ಮಾಡಿ ಮುನಿಯಕ್ಕನಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಲಕ್ಷ್ಮಣಪ್ಪ ಕೇಳಿಸಿಕೊಂಡು ಬಂದು ಹೆಂಡತಿಗೆ ಹೇಳಿದ: "ಮದ್ವೆ ದಿನ ಮುನಿಯಕ್ಕ ನಿನ್ನ ಹಿಡ್ಕತಾಳಂತೆ. ಪದ ಕಟ್ಟೋಳೇ ಕಡುದ್ ಮ್ಯಾಲೆ ಪದಕ್ಕೇನ್ ಬೆಲೆ ಅಂತಾವ್ರೆ. ಮದ್ವೆ ಮಾರ್ನೆ ದಿನ ಎಲ್ರೂ ಗುಟ್ಟೆಗೆ ಹೋಯ್ತಾರಂತೆ. ಆಗ್ಲೇ ಕೊಡ್ಲಿಗಳೆಲ್ಲಾ ಕುಲುಮೆ ತಾವ ಅವೆ."

ಮಾನ ಹೋದರೆ ಮತ್ತೆ ಬರುತ್ತದೆ, ಉಡುಸಲಮ್ಮನೇ ಎಷ್ಟೋ ಜನರ ಮಾನ ತೆಗೆದು ವಾಪಸು ಕೊಟ್ಟಿದ್ದಾಳೆ. ಆದರೆ ಕೊಡಲಿ ಒಮ್ಮೆ ಗುಟ್ಟೆ ಹತ್ತಿತೆಂದರೆ ಅಷ್ಟು ವರ್ಷದ ಹಸಿರು ಒಂದು ವಾರಕ್ಕೆ ಸೌದೆ. ತಪ್ಪು ತನ್ನದೇ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಮನೆಯಲ್ಲಿ ಎಲ್ಲರ ಮೇಲೂ ರೇಗಿದಳು, ಜಯಣ್ಣನಿಗಂತೂ ಪೈಪಿನ ನೆಪದಲ್ಲಿ ಎರಡು ದಿನ ಮಂಗಳಾರತಿ.

ಕೊನೆಗೆ ಹೆಣ್ಣಿನ ತಾಯಿ ಮಾಡಬಾರದ್ದನ್ನು ಮಾಡಿದಳು. ಎಷ್ಟು ಜನ ಬರುತ್ತೀರೆಂದು ಕೇಳುವ ನೆಪ ಹೂಡಿ, ಬೀಜ ಬಿಡಿಸಿದ ಹುಣಸೆಹಣ್ಣಿನ ದೊಡ್ಡ ಉಂಡೆ ಚೀಲಕ್ಕೆ ಹಾಕಿಕೊಂಡು, ಹಿಂದೂಪುರದಲ್ಲಿ ಬಸ್ಸು ಹತ್ತಿ, ಪೆನುಕೊಂಡದಲ್ಲಿ ಇಳಿದು ಇನ್ನೊಂದು ಹತ್ತಿ, ಬೀಗರ ಮನೆಗೇ ಹೋದಳು. ಕಲ್ಯಾಣದುರ್ಗದ ಕಡೆ ಬಿಸಿಲು ಇನ್ನೂ ಒಂದು ಕೈ ಮೇಲು. ಮುನಿಯಕ್ಕನ ಮನೆಯ ಹಿಂದಿನ ಗುಡ್ಡ ಕಪ್ಪಗೆ ಸುಟ್ಟಿತ್ತು, ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಸುಟ್ಟರೆ ಮಳೆಗೆ ಹುಲ್ಲು ಚೆನ್ನಾಗಿ ಬರುತ್ತದೆಂದು ಪ್ರತಿ ಬೇಸಿಗೆ ಬೆಂಕಿ ಇಡುತ್ತಾರೆಂದು ಮುನಿಯಕ್ಕ ಹೇಳಿದಳು. ಉಡುಸಲಮ್ಮ ಬೇರೆ ದಿನವಾಗಿದ್ದರೆ ಅಲ್ಲೇ ಒಂದು ಪದ ಎಸೆಯುತ್ತಿದ್ದಳು. ಈಗ ಕೊಟ್ಟ ಮಜ್ಜಿಗೆ ಕುಡಿದಳು.

"ವದಿನಾ, ಊರಲ್ ಏನೇನೋ ಅಂತಾರೆ," ಎಂದು, ತೆಲುಗಿನವರಂತೆ ಅತ್ತಿಗೆಯೆಂದು ಕರೆದು, ಹುಣಸೆಹಣ್ಣು ಮುಂದಿಟ್ಟು ಶುರುಮಾಡಿದಳು. "ಆ ಕೊಂಬೆ ವಿಚಾರ ಒಂದ್ ಬಿಟ್ಟು ಬ್ಯಾರೆ ಏನಾರ ಹಾಡು. ನನ್ ಸೊಂಟ ಹಾಡು, ನನ್ ಹಲ್ ಹಾಡು. ನಮ್ಮೆಜಮಾನ್ರು ಗೊರಕೆ ಹೊಡೀತಾರೆ, ಅದುನ್ನೂ ಸೇರ್ಸ್ಕೋ."

ಮುನಿಯಕ್ಕ ಹುಣಸೆಹಣ್ಣನ್ನು ಮೂಸಿ ನೋಡಿ, ತುಂಬ ಒಳ್ಳೆಯದೆಂದು ಒಳಗಿಟ್ಟು ಬಂದಳು.

"ಪೆಂಡ್ಲಿ ಪಾಟಲ್ಲೋ ಮೊಹಮಾಟಂ ಎಂದುಕು ವದಿನಾ?" ಎಂದಳು ನಗುತ್ತ. "ಮದ್ವೆ ಪದ್ದಲ್ಲಿ ದಾಕ್ಷಿಣ್ಯ ಯಾಕೆ? ನೀನು ನನ್ ಜಾಗದಲ್ ಇದ್ದಿದ್ರೆ ಬಿಡ್ತಿದ್ಯಾ?"

ಉಡುಸಲಮ್ಮ ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. ಅವಳು ಬಿಡುತ್ತಿರಲಿಲ್ಲ. ಹುಣಸೆಹಣ್ಣೂ ಹೋಯಿತು, ಆಸೆಯೂ ಹೋಯಿತು. ವಾಪಸು ಬಂದವಳು ಮಗಳ ಮುಂದೆ ಎಲ್ಲವನ್ನೂ ತೋಡಿಕೊಂಡಳು. ಗುಡ್ಡದ ಬೂದಿ, ಮುನಿಯಕ್ಕನ ನಗು, ಕುಲುಮೆಯಲ್ಲಿರುವ ಕೊಡಲಿಗಳು, ಒಂದೂ ಬಿಡಲಿಲ್ಲ. ಕೃಷ್ಣವೇಣಿ ಕೈಗೆ ಮೆಹೆಂದಿ ಹಾಕಿಸಿಕೊಂಡು ಕೂತಿದ್ದಳು. ಎಲ್ಲ ಕೇಳಿ, "ಹೂಂ," ಎಂದಳು.

ಧಾರೆಯಾಯಿತು, ಊಟವಾಯಿತು, ಉರುಟಣೆಗೆ ಹುಡುಗ ಹುಡುಗಿ ಎದುರುಬದುರು ಕೂತರು. ಜನ ಒಬ್ಬರ ಮೇಲೊಬ್ಬರು ಬಿದ್ದು ಜಾಗ ಹಿಡಿದರು. ಚೌಡಣ್ಣ ಮೀಸೆಗೆ ಎಣ್ಣೆ ಹಚ್ಚಿಕೊಂಡು ಮುಂದಿನ ಸಾಲಿನಲ್ಲಿದ್ದ. ಮುನಿಯಕ್ಕ ಮೊದಲು ಊಟದ ಸಾರು ನೀರೆಂದು ಹಾಡಿದಳು, ಲಕ್ಷ್ಮಣಪ್ಪನ ಗೊರಕೆಯನ್ನೂ ಹಾಡಿದಳು. ಉಡುಸಲಮ್ಮ ತನ್ನ ಸರದಿಯಲ್ಲಿ ಏನು ಹಾಡಿದಳೋ ಅವಳಿಗೇ ನೆನಪಿಲ್ಲ. ಮುನಿಯಕ್ಕ ಎಲೆಯಡಿಕೆ ಉಗಿದು, ಗಂಟಲು ಸರಿಮಾಡಿಕೊಂಡು, ಹಾಲುಗಂಬದ ಕಡೆ ನೋಡಿದಳು. ಇನ್ನೇನು ಬಂತು.

ಅಷ್ಟರಲ್ಲಿ ಯಾರೋ ಹೆಂಗಸು, "ತಡೀರೇ, ಮೊದ್ಲು ಮದುವಣಗಿತ್ತಿ ಗಂಡನ ಹೆಸ್ರು ಹೇಳ್ಲಿ," ಎಂದಳು. ಉರುಟಣೆಯಲ್ಲಿ ಹುಡುಗಿ ಗಂಡನ ಹೆಸರನ್ನು ಒಂದು ಪದದಲ್ಲಿ ಸೇರಿಸಿ ಹೇಳುವುದು ವಾಡಿಕೆ. ಈ ಹುಡುಗಿ ಹೇಳುತ್ತಾಳೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಕೃಷ್ಣವೇಣಿ ತಲೆ ಎತ್ತಿದಳು, ನೇರ ಅಮ್ಮನನ್ನೇ ನೋಡಿದಳು.

"ಊರ ಕೊಡ್ಲಿಗೆಲ್ಲ ಪದ ಕಟ್ಟಿ ನಮ್ಮವ್ವ
ಊರೋರ್ನ ಬೀದೀಲಿ ಕುಣ್ಸವ್ಳೆ
ಮಗಳ ಮದ್ವೆ ಬಂದ್ರೆ ಅತ್ತಿ ಬುಡಕ್ಕೆ ಹೋಗಿ
ಸೆರಗಲ್ಲಿ ಮಚ್ಚು ಮುಚ್ಚವ್ಳೆ!
ಸುಳ್ಳಂದ್ರೆ ಕೇಳ್ರವ್ವ ಮುರಳಿಕೃಷ್ಣರ್ನ
ಹಾಲುಗಂಬ್ದ ಮುಂದೇ ಕುಂತವ್ರೆ!"

ದನಿ ದೊಡ್ಡದಲ್ಲ, ಆದರೆ ಪಳಗಿದ ದನಿ, ಎಲ್ಲೂ ತಪ್ಪಲಿಲ್ಲ. ಮುನಿಯಕ್ಕ ತೆರೆದ ಬಾಯನ್ನು ಮುಚ್ಚುವುದೇ ಮರೆತಳು. ಅವಳ ಬಾಯಲ್ಲಿದ್ದದ್ದನ್ನು ಸೊಸೆ ಕಿತ್ತುಕೊಂಡಿದ್ದಳು. ಆಮೇಲೆ ನಗು ಎದ್ದಿತು ನೋಡಿ, ಅಡುಗೆಯವರು ಸೌಟು ಹಿಡಿದುಕೊಂಡೇ ಓಡಿ ಬಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಚೌಡಣ್ಣ. ನಕ್ಕು ಮುಗಿದ ಮೇಲೆ ಮಾತ್ರ ಅವನಿಗೆ ಏನೋ ಹೊಳೆದಂತಾಗಿ ಮೀಸೆಯ ಮೇಲಿನ ಕೈ ಕೆಳಗಿಳಿಯಿತು.

ಉಡುಸಲಮ್ಮ ಸಿಟ್ಟಾಗುವಂತಿಲ್ಲ. ಆದರೂ ಆದಳು. ಮಗಳನ್ನು ಕಳಿಸಿಕೊಡುವಾಗ ಮಡಿಲು ತುಂಬುತ್ತ, "ಹೆತ್ತೋಳ್ ಮ್ಯಾಲೆ, ಅದೂ ಬೀಗರ್ ಮುಂದೆ ಹಾಡ್ಬುಟ್ಯಲ್ಲೇ," ಎಂದಳು.

"ಅತ್ತೆ ಹಾಡಿದ್ರೆ ನಾಳೇನೇ ಗುಟ್ಟೆಗೆ ಕೊಡ್ಲಿ ಬೀಳೋದು ಕಣವ್ವ," ಎಂದಳು ಕೃಷ್ಣವೇಣಿ. "ಕಡ್ದೋಳ್ನ ಅವಳ್ ಮಗಳೇ ಬಿಡ್ಲಿಲ್ಲ ಅಂದ್ ಮ್ಯಾಲೆ ಇನ್ಯಾರು ಕಡೀತಾರೆ? ಬೇಲಿ ಕಟ್ಟು, ಪದ ಬಿಡ್ತಾರೆ."

ಹುಡುಗಿ ಹಾಗೆಂದು ಹೇಳಿ ಅಳುತ್ತ ವ್ಯಾನು ಹತ್ತಿದಳು. ವ್ಯಾನು ಕೆರೆ ಏರಿ ದಾಟಿ ಹೋಗುವ ತನಕ ಉಡುಸಲಮ್ಮ ನಿಂತೇ ಇದ್ದಳು. ಇಪ್ಪತ್ತೆರಡು ವರ್ಷ ಮನೆಯಲ್ಲಿದ್ದ ಮಗಳು ಹಾಡಿದ್ದನ್ನು ಅವಳು ಕೇಳಿದ್ದು ಮಗಳು ಮನೆ ಬಿಟ್ಟ ದಿನ. ಅದನ್ನು ನೆನೆದು ಅವಳಿಗೆ ಅಳುವೂ ಬಂತು, ಹೊಟ್ಟೆಕಿಚ್ಚೂ ಬಂತು. ಪದ ನಿಜವಾಗಿಯೂ ಚೆನ್ನಾಗಿತ್ತು.

ಮಾರನೆಯ ದಿನ ಕುಲುಮೆಯಿಂದ ಕೊಡಲಿಗಳು ಸದ್ದಿಲ್ಲದೆ ಅವರವರ ಮನೆಯ ಅಟ್ಟ ಸೇರಿದವು. ಗುಟ್ಟೆ ಹತ್ತಿದವಳು ಉಡುಸಲಮ್ಮ ಒಬ್ಬಳೇ, ಕೈಯಲ್ಲಿ ಮುಳ್ಳಿನ ಹೊರೆ. ಹಿಂದೆ ತಪಾಸಣೆಗೆಂದು ಚೌಡಣ್ಣ. ಆ ಕೆಲಸಕ್ಕೆ ಅವನನ್ನು ಯಾರೂ ನೇಮಿಸಿರಲಿಲ್ಲ. ಅತ್ತಿಯ ಸುತ್ತ ಅವಳು ಕಟ್ಟಿದ ಬೇಲಿಯನ್ನು ಅಲ್ಲಾಡಿಸಿ ನೋಡಿದ, ಇಲ್ಲಿ ಸಡಿಲ, ಅಲ್ಲಿ ಗಿಡ್ಡ ಎಂದು ಎರಡು ಸಲ ಬಿಚ್ಚಿಸಿದ. ಅವಳು ಹಲ್ಲು ಕಚ್ಚಿಕೊಂಡು ಕಟ್ಟಿದಳು. ಬೇಲಿ ಇನ್ನೇನು ಮುಗಿಯಿತು, ಒಂದು ಕಂಡಿ ಮಾತ್ರ ಉಳಿದಿತ್ತು.

ಕೆಳಗೆ ಹೊಲದ ದಾರಿಯಲ್ಲಿ ಹೆಂಗಸರು ಅವಳ ಮೇಲೆ ಮಗಳು ಕಟ್ಟಿದ ಪದ ಹಾಡಿಕೊಂಡು ಹೋಗುತ್ತಿದ್ದರು. ಉಡುಸಲಮ್ಮ ಕೈಯಲ್ಲಿದ್ದ ಮುಳ್ಳನ್ನು ಕೆಳಗಿಟ್ಟಳು.

"ಯಾಕಕ್ಕಾ, ಅದೊಂದ್ ಕಂಡಿ ಮುಚ್ಬುಡು, ಪದ ಬಿಟ್ಬುಡ್ತೀವಿ," ಎಂದ ಚೌಡಣ್ಣ.

"ನಾಳೆ ಮುಚ್ತೀನಿ ಬಿಡಣ್ಣ. ಸೊಂಟ ನೋಯ್ತದೆ."

ಮಳೆ ಬಿದ್ದು, ಕಡಲೆಕಾಯಿ ಬಿತ್ತಿ, ಕಳೆ ಕೀಳುವ ಕಾಲ ಬಂದರೂ ಆ ನಾಳೆ ಬರಲಿಲ್ಲ. ಚೌಡಣ್ಣ ಬಯ್ದ, ಮೇಕೆ ನುಗ್ಗುತ್ತದೆಂದು ಹೆದರಿಸಿದ, ತಾನೇ ಮುಚ್ಚುತ್ತೇನೆಂದು ಬಂದವನನ್ನು ಅವಳು ಅಟ್ಟಿಸಿಕೊಂಡು ಹೋದಳು. ಮೇಕೆಗಳು ಬರುವ ಹೊತ್ತಿಗೆ ತಾನೇ ಬಂದು ಆ ಕಂಡಿಗೆ ಅಡ್ಡವಾಗಿ ಕೂರುತ್ತಿದ್ದಳು. ಅತ್ತಿ ಕಡಿದ ಕಡೆಯಲ್ಲೇ ಮತ್ತೆ ಚಿಗುರಿತ್ತು. ಕೆಳಗಿನ ಹೊಲಗಳಲ್ಲಿ ಕಳೆ ಕೀಳುವವರು ಅವಳನ್ನು ಕಂಡು ಬೇಕೆಂದೇ ದನಿ ಏರಿಸಿ ಹಾಡುತ್ತಿದ್ದರು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಅವರು ಎಲ್ಲಾದರೂ ಒಂದು ಸೊಲ್ಲು ತಪ್ಪಿದರೆ, "ನನ್ ಮಗಳು ಹಂಗಲ್ಲ ಕಣ್ರೇ ಹಾಡಿದ್ದು, ಸರಿಯಾಗ್ ಹಾಡ್ರೇ!" ಎಂದು ಗುಟ್ಟೆಯ ಮೇಲಿಂದ ಕೂಗಿ ತಿದ್ದುತ್ತಿದ್ದಳು.